ಲೈಮ್ ಸೋಡಾ ಕುಡಿದು ಪಬ್ ಸುತ್ತಿದ್ದು

ಬ್ರಿಟನ್ನಿಗೆ ಬಂದ ಮೇಲೆ ನಮ್ಮ ಮನೆಯವರಿಗೆ ಆಫೀಸಿನಲ್ಲಿ ಯಾರೋ 'ಗುಡ್ ಬಿಯರ್ ಗೈಡ್' ಅನ್ನೋ ಪುಸ್ತಕ ಉಡುಗೊರೆ ಕೊಟ್ಟರು. ಕೊಟ್ಟವರು ಪುಣ್ಯಾತ್ಮರು, ನಾನು ಏನೂ ಅನ್ನಲ್ಲ. ಹಳೇ ಕ್ರಮದ ಬಿಯರ್ ಉಳಿಯಬೇಕು ಅಂತ 1971ರಲ್ಲಿ ಶುರುವಾದ ಕ್ಯಾಮ್ರಾ ಸಂಘದವರು ವರ್ಷಾವರ್ಷ ತರುವ ದಪ್ಪ ಪುಸ್ತಕ ಅದು. ಸುಮಾರು 4,500 ಪಬ್‌ಗಳು ಇವೆಯಂತೆ. ಒಂದೊಂದು ಪಬ್‌ನ ಕೆಳಗೂ ಪುಟಾಣಿ ಚಿತ್ರಗಳು. ಬೆಂಕಿ ಗೂಡು ಇದೆಯಾ, ನಾಯಿ ಕರ್ಕೊಂಡು ಬರಬಹುದಾ, ತೋಟ ಇದೆಯಾ, ಯಾವ ನಂಬರಿನ ಬಸ್ಸು ಹೋಗತ್ತೆ, ಎಲ್ಲಾ ಇದೆ. ಇವರು ರಾತ್ರಿ ಮಲಗೋ ಮುಂಚೆ ಪೆನ್ಸಿಲ್ ಹಿಡಿದು ಓದುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಹೀಗೆ ಓದಿದ್ದರೆ ನಮ್ಮ ಮಾವನವರು ಎಷ್ಟು ಸಂತೋಷಪಡುತ್ತಿದ್ದರೋ.

ಬೆಂಗಳೂರಿನಲ್ಲಿ ಇದ್ದಾಗ ಬಿಯರ್ ಬಾಟಲಿ ಐಸ್‌ನಲ್ಲಿ ಹೂತಿಟ್ಟು ಕುಡಿಯುತ್ತಿದ್ದ ಮನುಷ್ಯ ಇವರು. ಈಗ ನೆಲಮಾಳಿಗೆಯ ಪೀಪಾಯಿಯಿಂದ ಕೈ ಪಂಪಿನಲ್ಲಿ ಎಳೆದು ಕೊಟ್ಟ, 12 ಡಿಗ್ರಿ ಆಸುಪಾಸಿನ ಬಿಯರೇ ನಿಜವಾದ ಬಿಯರ್ ಅಂತ ಮನೆಗೆ ಬಂದವರಿಗೆಲ್ಲ ಪಾಠ ಮಾಡುತ್ತಾರೆ. ನಾನು ಕುಡಿಯಲ್ಲ. ಹಾಗಾಗಿ ಎಲ್ಲಿ ಹೋದರೂ ಕಾರು ನನ್ನದು, ಲೈಮ್ ಸೋಡಾ ನನ್ನದು. ಅದೇ ನಿಂಬೆ ಶರಬತ್ತು, ಅದೇ ಸೋಡಾ, ಆದ್ರೆ ಊರೂರಿಗೂ ಬೇರೆ ರೇಟು. ಇದರ ಬಗ್ಗೆ ಯಾಕೆ ಯಾರೂ ಗೈಡ್ ಬರೆದಿಲ್ವೋ ಗೊತ್ತಿಲ್ಲ.

ಶ್ರಾಪ್‌ಶೈರ್ ಕಡೆ ಒಂದು ಹಳ್ಳಿ ಪಬ್. ಎರಡೂ ಕಡೆ ಬೇಲಿ, ನಡುವೆ ಒಂದೇ ಕಾರು ಹಿಡಿಸುವ ರಸ್ತೆ, ಎದುರಿಗೆ ಟ್ರ್ಯಾಕ್ಟರ್. ಅಷ್ಟುದ್ದ ರಿವರ್ಸ್ ತಗೊಂಡು, ಬೆವರು ಒರೆಸಿಕೊಂಡು, ಮೂರು ಗಂಟೆಗೆ ಹೋಗಿ ತಲುಪಿದರೆ ಬಾಗಿಲಿಗೆ ಅಗಳಿ. ಆರು ಗಂಟೆಗೆ ತೆಗೀತಾರಂತೆ. ಮಳೆ ಬೇರೆ. ಪಕ್ಕದ ಹೊಲದ ಕುರಿಗಳೆಲ್ಲ ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದವು. ಕಾರಿನಲ್ಲಿ ಕೂತು ಇವರು ನನಗೆ ಚರಿತ್ರೆ ಹೇಳಿದರು: ಮೊದಲನೇ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಯವರು ಕುಡಿದು ಕೆಲಸ ಕೆಡಿಸುತ್ತಾರೆ ಅಂತ ಸರ್ಕಾರ ಮಧ್ಯಾಹ್ನ ಪಬ್ ಮುಚ್ಚಿಸಿತು, ಯುದ್ಧ ಮುಗಿದರೂ ಕಾನೂನು ಹೋಗಲಿಲ್ಲ, ಇಂಗ್ಲೆಂಡಿನಲ್ಲಿ 1988ರವರೆಗೂ ಹಾಗೇ ಇತ್ತು. "ಈಗ ಇಲ್ವಲ್ಲ ರೀ ಆ ಕಾನೂನು?" ಅಂದೆ. "ಅಭ್ಯಾಸ ಕಣೇ" ಅಂದರು. ತೆರೆಯುವ ಸಮಯ ಗೈಡಿನಲ್ಲೇ ಅಚ್ಚಾಗಿತ್ತು. ಇವರು ಓದಿದ್ದು ಬಿಯರಿನ ಹೆಸರುಗಳನ್ನು ಮಾತ್ರ.

ನಾನು ಪುಳಿಯೋಗರೆ ಡಬ್ಬಿ ತೆಗೆದೆ. ಮಧ್ಯಾಹ್ನ ಎರಡೋ ಎರಡೂವರೆಯೋ ಆದರೆ ಎಷ್ಟೋ ಕಡೆ ಅಡುಗೆಮನೆ ಬಂದ್. ಆಮೇಲೆ ಸಸ್ಯಾಹಾರಿಗಳಿಗೆ ಸಿಗೋದು ಆಲೂ ಚಿಪ್ಸ್ ಪ್ಯಾಕೆಟ್ ಮಾತ್ರ. ಹಾಗಾಗಿ ಡಬ್ಬಿ ಇಲ್ಲದೆ ನಾನು ಗೇಟು ದಾಟಲ್ಲ.

ಸಸ್ಯಾಹಾರ ಅಂದ ಮೇಲೆ ಇವರ ಗೆಳೆಯರ ಕತೆ ಹೇಳಲೇಬೇಕು. ನಮ್ಮ ಕಡೆಯವರೇ. ಮೊಟ್ಟೆ ಹಾಕಿದ ಕೇಕು ಕೂಡ ಮುಟ್ಟಲ್ಲ. ಬಿಯರ್ ಮಾತ್ರ ಬಾರ್ಲಿ ನೀರು, ಅದರಲ್ಲಿ ಏನಿದೆ ಅನ್ನೋ ವಾದ. ಒಂದು ಶನಿವಾರ ನಮ್ಮ ಜೊತೆ ಬಂದರು. ಅರ್ಧ ಪೈಂಟ್ ಇಳಿಸಿದ ಮೇಲೆ, ಬಿಯರ್ ಇಷ್ಟು ತಿಳಿಯಾಗಿ ಹೇಗೆ ಬರತ್ತೆ ಅಂತ ಸುಮ್ನೆ ಕುತೂಹಲಕ್ಕೆ ಕೌಂಟರಿನ ಹುಡುಗನನ್ನು ಕೇಳಿಬಿಟ್ಟರು. ಅವನು ಪಾಪ ಖುಷಿಯಾಗಿ ಬಿಡಿಸಿ ಹೇಳಿದ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಣಗಿಸಿ ಮಾಡಿದ ಐಸಿಂಗ್ಲಾಸ್ ಅನ್ನೋದನ್ನ ಪೀಪಾಯಿಗೆ ಹಾಕ್ತಾರೆ, ಅದು ಯೀಸ್ಟನ್ನೆಲ್ಲ ಎಳೆದುಕೊಂಡು ತಳಕ್ಕೆ ಕೂರತ್ತೆ, ಹಾಕದೆ ಮಾಡುವವರೂ ಇದ್ದಾರೆ, ಆದರೆ ನಿಮ್ಮ ಕೈಲಿರೋದು ಹಾಕಿದ್ದೇ. ಗೆಳೆಯರು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅತ್ತಿಗೆ, ಅದು ತಳಕ್ಕೆ ಹೋಗಿರತ್ತೆ ಅಂದ ಅಲ್ವಾ?" ಅಂದರು. ಹೌದು ಅಂದೆ. ಮೇಲಿನದನ್ನು ಕುಡಿದು ಕೆಳಗಿನ ಎರಡು ಬೆರಳಷ್ಟು ಬಿಟ್ಟರು. ಆಮೇಲೆ ಇನ್ನೊಂದು ತರಿಸಿ ಅದರಲ್ಲೂ ಎರಡು ಬೆರಳು ಬಿಟ್ಟರು. ಆಚಾರ ಕೆಡಲಿಲ್ಲ.

ಹೆಸರಿನ ಗೊಂದಲ ಇನ್ನೊಂದು. ರೆಡ್ ಲಯನ್ ಅನ್ನೋ ಪಬ್ ಈ ದೇಶದಲ್ಲಿ ನೂರಾರು ಇವೆ, ಇವರು ಊರಿನ ಹೆಸರು ಹಾಕದೆ ಬರೀ ಅಷ್ಟನ್ನೇ ಫೋನಿಗೆ ಕೊಡುತ್ತಾರೆ. ಮುಂದಿನದು ನೀವೇ ಊಹಿಸಿಕೊಳ್ಳಿ.

ನಾಟಿಂಗ್‌ಹ್ಯಾಮಿನಲ್ಲಿ ಮೂರು ಪಬ್‌ಗಳು ಊರಿಗೆಲ್ಲ ನಾವೇ ಹಳಬರು ಅಂತ ಜಗಳಕ್ಕೆ ನಿಂತಿವೆ. 'ಟ್ರಿಪ್ ಟು ಜೆರುಸಲೆಮ್' ಗೋಡೆ ಮೇಲೆ 1189 ಅಂತ ಬರೆದಿದೆ. ಕೋಟೆಯ ಬಂಡೆಯನ್ನೇ ಕೊರೆದು ಕೋಣೆ ಮಾಡಿದ್ದಾರೆ, ಒಳಗೆ ಕೂತರೆ ನಿಜವಾಗಿಯೂ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಒಬ್ಬರ ಮಾತು ಕೇಳಿ ತೀರ್ಪು ಕೊಡಬಾರದು ಅಂತ ಇವರು ಮೂರಕ್ಕೂ ಹೋದರು. ಮೂರನೆಯದರಲ್ಲಿ ತೊಲೆಗೆ ಹಣೆ ಹೊಡೆಸಿಕೊಂಡರು. ನಾನು ಐದಡಿ. ಬ್ರಿಟನ್ನಿನ ಹಳೇ ಪಬ್‌ಗಳನ್ನು ನನ್ನ ಅಳತೆ ತಗೊಂಡೇ ಕಟ್ಟಿದ್ದಾರೆ.

ಆದರೆ ಲಿವರ್‌ಪೂಲಿನಲ್ಲಿ ಇವರು ನನಗೆ ಮಾಡಿದ್ದು ಮರೆಯೋ ಹಾಗಿಲ್ಲ. ಅಲ್ಲಿ 'ಫಿಲ್‌ಹಾರ್ಮೊನಿಕ್' ಅಂತ ಅರಮನೆ ಥರದ ಪಬ್ ಇದೆ. 2020ರಲ್ಲಿ ಅದಕ್ಕೆ ಮೊದಲ ದರ್ಜೆಯ ಸ್ಮಾರಕದ ಪಟ್ಟ ಸಿಕ್ಕಿತು. ಎಲ್ಲಕ್ಕಿಂತ ಫೇಮಸ್ಸು ಗಂಡಸರ ಟಾಯ್ಲೆಟ್. ಗುಲಾಬಿ ಬಣ್ಣದ ಅಮೃತಶಿಲೆಯ ಹಾಗೆ ಹೊಳೆಯೋ ಕಟ್ಟೆಗಳು, ಹೆಂಗಸರೂ ಹೋಗಿ ನೋಡಿ ಬರುತ್ತಾರೆ. ಇವರು ಒಳಗೆ ಇಣುಕಿ, ಯಾರೂ ಇಲ್ಲ, ನೀನು ಹೋಗು, ನಾನು ಬಾಗಿಲಲ್ಲೇ ನಿಂತಿರ್ತೀನಿ ಅಂದರು. ನಾನು ಮೊಬೈಲ್ ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದರೆ ಹಿಂದಿನಿಂದ ಕೆಮ್ಮಿದ ಸದ್ದು. ತಿರುಗಿದರೆ ಟೈ ಕಟ್ಟಿದ ಒಬ್ಬ ತಾತ. ಅವರೇ ನನಗೆ ಸಾರಿ ಹೇಳಿದರು. ಕಾವಲು ನಿಂತವರು ಎಲ್ಲಿ ಅಂದರೆ, ಕೌಂಟರಿನಲ್ಲಿ ಯಾವುದೋ ಹೊಸ ಪಂಪ್ ಕಂಡಿತಂತೆ.

ಯಾರ್ಕ್‌ಶೈರಿನ ಟ್ಯಾನ್ ಹಿಲ್‌ಗೆ ಮಾತ್ರ ಚಳಿಗಾಲದಲ್ಲಿ ಬರಲ್ಲ ಅಂತ ಖಡಾಖಂಡಿತ ಹೇಳಿದ್ದೀನಿ. 1,732 ಅಡಿ ಎತ್ತರದಲ್ಲಿರುವ ಪಬ್ ಅದು, ಬ್ರಿಟನ್ನಿನಲ್ಲಿ ಅದಕ್ಕಿಂತ ಮೇಲೆ ಇನ್ನೊಂದಿಲ್ಲ. 2021ರ ನವೆಂಬರಿನಲ್ಲಿ ಹಿಮ ಬಿದ್ದು 61 ಜನ ಮೂರು ರಾತ್ರಿ ಒಳಗೇ ಸಿಕ್ಕಿಹಾಕಿಕೊಂಡಿದ್ದರು, ಜೊತೆಗೆ ಹಾಡೋಕೆ ಬಂದ ಬ್ಯಾಂಡಿನವರೂ. ಈ ಸುದ್ದಿ ಓದಿ ನಾನು ಹೆದರಿದೆ. ಇವರು "ಎಂಥಾ ಪುಣ್ಯವಂತರು" ಅಂದರು.

ಈಗ ಪೆನ್ಸಿಲ್ ಗುರುತು ಬಿದ್ದಿರೋದು ಸ್ಕಾಟ್ಲೆಂಡಿನ ನೊಯ್ಡಾರ್ಟ್ ಮೇಲೆ. ಅಲ್ಲಿನ ಪಬ್‌ಗೆ ರಸ್ತೆಯೇ ಇಲ್ಲ. ಮಾಲೇಗ್ ಊರಿಂದ ದೋಣಿಯಲ್ಲಿ ಹೋಗಬೇಕು, ಇಲ್ಲಾಂದ್ರೆ ಬೆಟ್ಟ ಹತ್ತಿಳಿದು 18 ಮೈಲಿ ನಡೀಬೇಕು. ರಸ್ತೆಯಿಲ್ಲ ಅಂದರೆ ನಾನು ಕಾರು ಓಡಿಸೋ ಹಾಗಿಲ್ಲ, ಕೂತು ನೀರು ನೋಡಿಕೊಂಡು ಹೋದರಾಯ್ತು ಅಂತ ಕೇಳಿದ ತಕ್ಷಣ ಹೂಂ ಅಂದುಬಿಟ್ಟೆ. ಆಮೇಲೆ ಮ್ಯಾಪ್ ತೆಗೆದು ನೋಡಿದೆ. ನಮ್ಮ ಮನೆಯಿಂದ ಮಾಲೇಗ್‌ಗೇ ಐನೂರು ಮೈಲಿಗಿಂತ ಜಾಸ್ತಿ.