ಹದಿನೈದು ಸೆಕೆಂಡಿನ ಮಲಯಾಳ

ನನ್ನ ಲ್ಯಾಪ್‌ಟಾಪ್ ಕೋಝಿಕ್ಕೋಡಿನಿಂದ ಬಂದದ್ದು, ಸೆಕೆಂಡ್ ಹ್ಯಾಂಡ್. ಮೊದಲಿದ್ದವರು ವಿಂಡೋಸನ್ನು ಮಲಯಾಳದಲ್ಲಿ ಇಟ್ಟಿದ್ದರು. ಚಿತ್ರ ನೋಡಿ ಒತ್ತಿಯೇ ನಾನು ಎರಡು ವರ್ಷ ತಳ್ಳಿದೆ. ಬದಿಯಡ್ಕದ ಬಸ್ಸಿನ ಬೋರ್ಡನ್ನೂ ಹಾಗೇ ಗುರುತು ಹಿಡಿಯುವುದು, ಓದಿ ಅಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ನಾನಿನ್ನೂ ಪೂರ್ತಿ ಸೇರಿಲ್ಲ. ಮಾತಾಡಲು ಏನೂ ತೊಂದರೆಯಿಲ್ಲ, ಓದಲು ಕೂತರೆ ಒಂದನೇ ಕ್ಲಾಸು.

ಕಳೆದ ವಾರ 24 ಇಂಚಿನ ಮಾನಿಟರ್ ತಂದೆ. ಕಿಟಕಿಯಿದ್ದ ಎಡಗಡೆ ಇಟ್ಟು ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೆ. ಚಿತ್ರ ಬಂತು, ಆದರೆ ಕನ್ನಡಕ ಮರೆತು ನೋಡಿದ ಹಾಗೆ ಮಂಜು ಮಂಜು. ಲ್ಯಾಪ್‌ಟಾಪಿನ ರೆಸಲ್ಯೂಷನ್, ಅಂದರೆ ಪರದೆಯ ಚುಕ್ಕಿಗಳ ಲೆಕ್ಕ, 1366×768 ಅನ್ನೇ ದೊಡ್ಡ ಪರದೆಗೂ ಎಳೆದು ಹಚ್ಚಿತ್ತು. ಸೆಟ್ಟಿಂಗ್ಸ್ ತೆರೆದೆ. ಅಂಕಿಗೆ ಭಾಷೆಯಿಲ್ಲ ಅಲ್ವಾ? 1920×1080 ಸುಲಭದಲ್ಲಿ ಸಿಕ್ಕಿತು, ಒತ್ತಿದೆ. ಪರದೆ ತೊಳೆದಿಟ್ಟಂತಾಯಿತು.

ಆಗ ನಡುವೆ ಒಂದು ಪೆಟ್ಟಿಗೆ ಎದ್ದು ಬಂತು. ಒಳಗೆ ಎರಡು ಬಟನ್. 15, 14, 13 ಎಂದು ಎಣಿಕೆ ಬೇರೆ. ಅಕ್ಷರ ಕೂಡಿಸಲು ಹೊರಟೆ. ಮಲಯಾಳದಲ್ಲಿ ಎರಡು ಱ (ಹಳಗನ್ನಡದ ಗಡುಸು 'ರ') ಬರೆದು 'ಟ್ಟ' ಎಂದು ಓದುತ್ತಾರೆ. ಅದು ನೆನಪಾಗಿ, 'ಮಾಟ್ಟ' ಎಂದು ಕೂಡಿಸುವಾಗ ಎಣಿಕೆ 4ಕ್ಕೆ ಇಳಿದಿತ್ತು. ಅಲ್ಲಿ ಮಾಟ್ಟ ಎಂದರೆ ಬದಲಾವಣೆ. ನನ್ನ ತಲೆಗೆ ಬಂದದ್ದು ಮಾತ್ರ ನಮ್ಮ ಮಾಟ. ಯಾರು ಯಾರಿಗೆ ಮಾಡಿಸಿದ್ದು ಎಂದು ಯೋಚಿಸುವಾಗ ಸೊನ್ನೆ ಬಂತು, ಮಂಜು ವಾಪಸಾಯಿತು. ಎರಡನೇ ಸಲವೂ ಅದೇ ಕತೆ. ಮೂರನೇ ಸಲ ಓದುವ ಗೋಜಿಗೇ ಹೋಗದೆ ಮೊದಲ ಬಟನ್ ಗುದ್ದಿದೆ. ನಿಂತಿತು!

ಅಷ್ಟಕ್ಕೆ ಎದ್ದಿದ್ದರೆ ಚೆನ್ನಾಗಿತ್ತು. ಮಾನಿಟರ್ ಎಡಕ್ಕಿದೆ, ಮೌಸ್ ಮಾತ್ರ ಬಲಕ್ಕೆ ಹೋದರೇ ಅದರೊಳಗೆ ನುಗ್ಗುತ್ತದೆ. ಸರಿಮಾಡೋಣ ಎಂದು ರೆಸಲ್ಯೂಷನ್ ಕೆಳಗಿನ ಪಟ್ಟಿ ಬಿಡಿಸಿದೆ. ಅದರಲ್ಲಿ ಅಂಕಿಯೇ ಇಲ್ಲ! ನಾಲ್ಕರಲ್ಲಿ ಮೂರನೆಯದು ಯಾಕೋ ಒಳ್ಳೆಯವರ ಹಾಗೆ ಕಂಡಿತು. ಒತ್ತಿದೆ. ಪೆಟ್ಟಿಗೆ ಎದ್ದಿತು. ಈಗ ಪಳಗಿದ್ದೆನಲ್ಲ, ಕಣ್ಣು ಮಿಟುಕಿಸುವುದರೊಳಗೆ ಅದೇ ಬಟನ್ ಗುದ್ದಿದೆ.

ಇಡೀ ಪರದೆ ತಲೆಕೆಳಗು. ಸುಮ್ನೆ ಕೂತಿದ್ದರೆ ಹದಿನೈದು ಸೆಕೆಂಡಿನಲ್ಲಿ ತಾನೇ ನೆಟ್ಟಗಾಗುತ್ತಿತ್ತು.

ಮೌಸ್ ಮೇಲೆ ತಳ್ಳಿದರೆ ಬಾಣ ಕೆಳಗೆ, ಎಡಕ್ಕೆ ತಳ್ಳಿದರೆ ಬಲಕ್ಕೆ. ಅಡಿಕೆ ಹೆಕ್ಕಿ ಬಂದ ಅಮ್ಮ ಬಾಗಿಲಲ್ಲೇ ನಿಂತಳು. "ಎಂತದು ಮಾರಾಯ, ಬಾವಲಿಗೆ ತಂದದ್ದಾ?"

ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಯನ್ನು ಕರೆದೆ. ಅವಳು ಕಲಿಯುವುದು ಮಲಯಾಳ ಮೀಡಿಯಂನಲ್ಲಿ. ಕುತ್ತಿಗೆ ಓರೆಮಾಡಿ, ತಲೆಕೆಳಗಾದ ಮಲಯಾಳವನ್ನು ನಾನು ನೆಟ್ಟಗಿನದ್ದನ್ನು ಓದುವುದಕ್ಕಿಂತ ಬೇಗ ಓದಿದಳು. ಎರಡೇ ಕ್ಲಿಕ್.

"ಮಾಮಾ, ಮೌಸಿನದ್ದೂ ಸರಿಮಾಡ್ಲಾ? ಆ ಎರಡು ನಂಬರಿನ ಚೌಕ ಎಳೆದು ಈಚೆ ಇಟ್ಟರೆ ಆಯ್ತು." ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಟ್ಯೂಷನ್ನಿಗೆ ಓಡಿದಳು.

ಆ ಸೆಟ್ಟಿಂಗ್ಸ್ ನಾನು ಮತ್ತೆ ತೆರೆಯಲಿಲ್ಲ. ಮಾನಿಟರನ್ನೇ ಎತ್ತಿ ಬಲಗಡೆ ಇಟ್ಟೆ.