ಗಡ್ಡದ ಸೋಪಿನ ಪರಿಮಳಕ್ಕೆ ಮುಂಬಯಿ ಹವೆಯೇ ಪರೀಕ್ಷೆ

ಶೇವಿಂಗ್ ಸೋಪನ್ನು ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದು ಅಳೆಯಬೇಡಿ. ಆ ವಾಸನೆ ಬೇರೆ, ಮುಖದ ಮೇಲೆ ನೊರೆಯಾಗಿ ಏಳುವ ವಾಸನೆ ಬೇರೆ. ಬಿಸಿನೀರು, ಬ್ರಶ್ಶು, ಗಾಳಿ ಮೂರೂ ಸೇರಿದಾಗಲೇ ಸೋಪು ಬಾಯಿ ಬಿಡುವುದು. ಅದರಲ್ಲೂ ಮುಂಬಯಿಯಲ್ಲಿ, ಬಚ್ಚಲಿನ ಗೋಡೆಯೂ ಬೆವರುವ ಜೂನ್ ತಿಂಗಳಲ್ಲಿ ನೋಡಬೇಕು. ಲಂಡನ್ನಿನ ಚಳಿಯಲ್ಲಿ ಹಿತವಾಗಿದ್ದದ್ದು ಇಲ್ಲಿ ಉಸಿರು ಕಟ್ಟಿಸುತ್ತದೆ.

ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆಯ ನಾವು ಕೆಲವು ಕನ್ನಡದ ಗೆಳೆಯರು ಈ ಸೋಪುಗಳ ಚೂರುಗಳನ್ನು ಹಂಚಿಕೊಂಡು ಬಳಸುತ್ತೇವೆ. ಹೊರದೇಶದ ಕೈತಯಾರಿ ಸೋಪು ತರಿಸಿದರೆ ಸಾಗಣೆ, ಸುಂಕ ಸೇರಿ ಜೇಬಿಗೆ ಭಾರ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕವೋ ಉಪನ್ಯಾಸವೋ ಇದ್ದ ದಿನ ಪುಟ್ಟ ಡಬ್ಬಿಗಳು ಕೈ ಬದಲಾಗುತ್ತವೆ. ಹೀಗೆ ಹಂಚಿಕೊಂಡದ್ದರಿಂದಲೇ ಇಷ್ಟು ಬಗೆಯ ಪರಿಮಳಗಳನ್ನು ಹೋಲಿಸಿ ನೋಡಲು ಸಾಧ್ಯವಾಯಿತು.

ನಮ್ಮಲ್ಲಿ ಹೆಚ್ಚು ವಾದ ನಡೆಯುವುದು ಗಂಧದ ಬಗ್ಗೆ. ಇಂಗ್ಲೆಂಡಿನ ಹಳೆಯ ಅಂಗಡಿಗಳಿಗೆಲ್ಲ ಒಂದು ಸ್ಯಾಂಡಲ್‌ವುಡ್ ಕ್ರೀಮು ಇದ್ದೇ ಇರುತ್ತದೆ. 1854ರಲ್ಲಿ ಶುರುವಾದ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ ಅಂಗಡಿಯದು ಅವುಗಳಲ್ಲಿ ತುಂಬ ಹೆಸರಾದದ್ದು. ನೊರೆ ಕಟ್ಟಿದರೆ ಮೊದಲು ಬರುವುದು ಲ್ಯಾವೆಂಡರ್, ಜೆರೇನಿಯಂ. ಗಂಧ ಎಲ್ಲೋ ತಳದಲ್ಲಿರುತ್ತದೆ. ಉಡುಪಿ ಕಡೆಯ ಹಿರಿಯ ಗೆಳೆಯರೊಬ್ಬರಿಗೆ ಕೊಟ್ಟಾಗ ಅವರು ಎರಡು ಸಲ ಮೂಸಿ ಕೇಳಿದರು, "ಪರಿಮಳ ಲಾಯ್ಕುಂಟು ಮಾರಾಯ್ರೆ, ಆದ್ರೆ ಗಂಧ ಎಲ್ಲುಂಟು ಇದರಲ್ಲಿ?" ಅವರ ಪ್ರಶ್ನೆ ಸರಿಯಾಗಿತ್ತು. ಸಾಣೆಕಲ್ಲಿನ ಮೇಲೆ ಕೊರಡು ತೇಯ್ದು, ಆ ತಣ್ಣನೆಯ, ಹಾಲಿನಂಥ ಕಂಪಿನಲ್ಲಿ ಬೆಳೆದ ಮೂಗು ನಮ್ಮದು. ಅದಕ್ಕೆ ಇದು ಒಳ್ಳೆಯ ಪರಿಮಳ ಅನ್ನಿಸಬಹುದು, ಗಂಧ ಅನ್ನಿಸುವುದಿಲ್ಲ.

ಇದಕ್ಕೆ ಕಾರಣವೂ ಇದೆ. ಗಂಧದೆಣ್ಣೆಯ ಜೀವ ಸ್ಯಾಂಟಲಾಲ್. ಅದರ ಅಣುಗಳು ಭಾರ, ಬೇಗ ಹಾರುವುದಿಲ್ಲ. ಚರ್ಮದ ಮೇಲೆ ಗಟ್ಟಿಯಾಗಿ ಕೂರುತ್ತವೆ, ನೊರೆಯಲ್ಲಿ ಮಾತ್ರ ಮೆಲುದನಿ. ಹಾಗಾಗಿ ತಯಾರಕರು ಮುಂದೆ ಏನಾದರೂ ಚುರುಕಾದದ್ದನ್ನು ಇಡಬೇಕಾಗುತ್ತದೆ. ಜೊತೆಗೆ ನಿಜವಾದ ಶ್ರೀಗಂಧದ ಎಣ್ಣೆ ವಿಪರೀತ ದುಬಾರಿ. ಹೆಚ್ಚಿನವರು ಜಾವನಾಲ್, ಸ್ಯಾಂಡಲೋರ್‌ನಂಥ ಪ್ರಯೋಗಾಲಯದ ಅಣುಗಳನ್ನು ಹಾಕುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಮೈಸೂರು ಸಂಸ್ಥಾನ 1916ರಲ್ಲೇ ಗಂಧದೆಣ್ಣೆ ತೆಗೆಯಲು ಶುರು ಮಾಡಿದ ನಾಡಿನವರು ನಾವು. ಗಂಧ ಅಂತ ಬರೆದದ್ದನ್ನೆಲ್ಲ ಗಂಧ ಅಂತ ಒಪ್ಪಿಕೊಳ್ಳಬೇಕಾಗಿಲ್ಲ, ಅಲ್ವಾ?

ಹಾಗಾದರೆ ಮೈಸೂರ್ ಸ್ಯಾಂಡಲ್ ಸೋಪಿನಲ್ಲೇ ಗಡ್ಡ ಬೋಳಿಸಬಹುದಲ್ಲ ಅಂತ ಹಲವರು ಕೇಳುತ್ತಾರೆ. ಬೇಡ. ಸ್ನಾನದ ಸೋಪಿನ ನೊರೆ ಬ್ಲೇಡು ಕೆನ್ನೆ ದಾಟುವ ಮೊದಲೇ ಒಣಗುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ ಇರುತ್ತದೆ. ಸೋಡಿಯಂ ಕ್ಷಾರದ ಜೊತೆಗೆ ಪೊಟ್ಯಾಸಿಯಂ ಕ್ಷಾರವನ್ನೂ ಬಳಸಿರುತ್ತಾರೆ. ಅದರಿಂದಲೇ ನೊರೆ ದಪ್ಪಗೆ, ಒದ್ದೆಯಾಗಿ ನಿಲ್ಲುತ್ತದೆ.

ಪರಿಮಳಗಳಲ್ಲಿ ಇನ್ನೊಂದು ದೊಡ್ಡ ಕುಟುಂಬ ಫೂಜೇರ್. ಸಲೂನಿನ ಪರಿಮಳ ಅಂತ ಪಶ್ಚಿಮದವರು ಹೇಳುವುದು ಹೆಚ್ಚಾಗಿ ಇದನ್ನೇ. ಫ್ರಾನ್ಸಿನ ಪರಿಮಳ ತಯಾರಕರಾದ ಹೂಬಿಗಾಂ ಮನೆಯವರು 1882ರಲ್ಲಿ ತಂದ ಫೂಜೇರ್ ರೊಯಾಲ್ ಇದರ ಮೂಲ. ಲ್ಯಾವೆಂಡರ್, ಒಣಹುಲ್ಲಿನ ವಾಸನೆಯ ಕೂಮರಿನ್, ಓಕ್‌ಮಾಸ್ ಇವು ಮೂರು ಕಂಬಗಳು. ಓಕ್‌ಮಾಸ್ ಅಂದರೆ ಮರದ ಮೇಲೆ ಬೆಳೆಯುವ ಕಲ್ಲುಹೂವಿನ ಹತ್ತಿರದ ನೆಂಟ. ನಮ್ಮ ಅಕ್ಕಪಕ್ಕದ ಮರಾಠಿ ಮನೆಗಳಲ್ಲಿ ಗೋಡಾ ಮಸಾಲೆಗೆ ಹಾಕುವ ದಗಡ್‌ಫೂಲ್ ಇದೆಯಲ್ಲ, ಅದೇ ಈ ಕಲ್ಲುಹೂವು. ಅದನ್ನು ಒಮ್ಮೆ ಬೆರಳಲ್ಲಿ ತಿಕ್ಕಿ ಮೂಸಿ. ಓಕ್‌ಮಾಸಿನ ಆ ಒದ್ದೆ ಮಣ್ಣು, ತೊಗಟೆಯ ಗುಣ ಥಟ್ಟನೆ ಗೊತ್ತಾಗುತ್ತದೆ. ಅದರಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಕೆಲವರಿಗೆ ಅಲರ್ಜಿ ತರುತ್ತವೆ. ಅದಕ್ಕೆ ಐರೋಪ್ಯ ಒಕ್ಕೂಟ 2019ರಿಂದ ಅವಿರುವ ಹೊಸ ಪ್ರಸಾಧನಗಳನ್ನು ಮಾರುಕಟ್ಟೆಗೆ ಬಿಡದಂತೆ ಮಾಡಿತು. ಆ ಅಣುಗಳನ್ನು ತೆಗೆದ ಓಕ್‌ಮಾಸ್ ಈಗ ಸಿಗುತ್ತದೆ. ಹಳೆಯ ಆಫ್ಟರ್‌ಶೇವ್ ಮೊದಲಿನ ಹಾಗಿಲ್ಲ ಎಂದು ಹಿರಿಯರು ಹೇಳಿದರೆ ಸುಮ್ನೆ ತಳ್ಳಿಹಾಕಬೇಡಿ. ಅದು ಬರೀ ನೆನಪಿನ ಆಟ ಆಗಿರಬೇಕಿಲ್ಲ.

ಅಮೆರಿಕದ ಬ್ಯಾರಿಸ್ಟರ್ ಆ್ಯಂಡ್ ಮನ್‌ನವರ ಸೆವಿಲ್ ಸೋಪು ಈ ದಾರಿಯದು. ನಿಂಬೆ ಜಾತಿಯ ಬರ್ಗಮಾಟ್, ಲ್ಯಾವೆಂಡರ್, ರೋಸ್‌ಮೆರಿ, ಕೆಳಗೆ ಓಕ್‌ಮಾಸ್. ಬಹಳ ಅಚ್ಚುಕಟ್ಟಾದ ಕೆಲಸ. ಡಿಸೆಂಬರ್, ಜನವರಿಯಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಇಲ್ಲ. ಮಳೆಗಾಲದಲ್ಲಿ ಮಾತ್ರ ಮುಟ್ಟುವುದಿಲ್ಲ. ಬಚ್ಚಲಿನ ತೇವದಲ್ಲಿ ಆ ಮಣ್ಣಿನ ಗುಣ ಮುಗ್ಗಲು ವಾಸನೆಯ ಕಡೆ ವಾಲುತ್ತದೆ. ಸೋಪಿನ ತಪ್ಪಲ್ಲ, ನಮ್ಮ ಹವೆಯೇ ಹಾಗೆ.

ಬೇ ರಮ್ ಬಗ್ಗೆ ನನಗೆ ತುಸು ಬೇಸರ. ಕೆರಿಬಿಯನ್ ದ್ವೀಪಗಳ ಪಿಮೆಂಟಾ ಎಲೆಯಿಂದ ಬರುವ ಪರಿಮಳ ಇದು. ಕಡಲತೀರದ ಸೆಕೆಯಲ್ಲೇ ಹುಟ್ಟಿದ್ದು, ಇಲ್ಲಿಗೂ ಒಗ್ಗಬೇಕು ಅಂದುಕೊಂಡಿದ್ದೆ. ಆದರೆ ಆ ಎಲೆಯ ಮುಖ್ಯ ಅಣು ಯೂಜಿನಾಲ್, ನಮ್ಮ ಲವಂಗದ್ದೂ ಅದೇ. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಮುಖದಿಂದ ಲವಂಗದ ಘಾಟು ಏಳತೊಡಗಿದರೆ ಪಕ್ಕದಲ್ಲಿ ನಿಂತವರಿಗೆ ಕಷ್ಟ. ಓಲ್ಡ್ ಸ್ಪೈಸ್‌ನಲ್ಲೂ ಮಸಾಲೆ ಇದೆ. 1938ರಿಂದ ಗಂಡಸರಿಗೆ ಸಿಗುತ್ತಿರುವ ಪರಿಮಳ ಅದು. ಅದರಲ್ಲಿ ಪೌಡರಿನಂಥ ಮೆದು ಸಿಹಿ ಇರುವುದರಿಂದ ಘಾಟು ಅಷ್ಟು ಚುಚ್ಚುವುದಿಲ್ಲ.

ಸಾಬೂನಿನ ಪರಿಮಳ ನನಗೋಸ್ಕರ. ಮುಖ ತೊಳೆದರೆ ಅದರ ಕೆಲಸ ಮುಗಿಯಿತು. ಆಫ್ಟರ್‌ಶೇವ್ ನನ್ನ ಜೊತೆ ರೈಲು ಹತ್ತುತ್ತದೆ, ಅದನ್ನು ಉಳಿದವರೂ ಉಸಿರಾಡುತ್ತಾರೆ. ಎರಡೂ ಒಂದೇ ಪರಿಮಳದ ಜೋಡಿಯಾಗಿರಲೇಬೇಕು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೋಪು ಎಷ್ಟು ದಟ್ಟವಾಗಿದ್ದರೂ ಸರಿ, ಆಫ್ಟರ್‌ಶೇವ್ ತೆಳುವಾಗಿರಲಿ.

ಆಫ್ಟರ್‌ಶೇವಿನ ಉರಿಯೂ ಪರಿಮಳದ ಭಾಗವೇ ಅಂತ ನನ್ನ ಅಭಿಪ್ರಾಯ. ನಮ್ಮ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ಹತ್ತಿರ ಎಚ್ಚರವಾಗುತ್ತದೆ. ಆಲ್ಕೋಹಾಲ್ ಆ ಮಿತಿಯನ್ನು ಸುಮಾರು 34ಕ್ಕೆ ಇಳಿಸುತ್ತದೆ. ಆಗ ಮೈಯ ಸ್ವಂತ ಬಿಸಿಯೇ ಸುಟ್ಟಂತೆ ಅನ್ನಿಸುತ್ತದೆ. ಮೆಂಥಾಲ್ ಇದಕ್ಕೆ ಉಲ್ಟಾ, ತಂಪಿನ ಗ್ರಾಹಕವನ್ನು ಎಬ್ಬಿಸುತ್ತದೆ. ಇಟಲಿಯ ಪ್ರೊರಾಸೋ ಕಂಪನಿಯ ಹಸಿರು ಬಗೆಯಲ್ಲಿ ಮೆಂಥಾಲ್, ನೀಲಗಿರಿ ಎಣ್ಣೆ ಎರಡೂ ಇವೆ. ಮೇ ತಿಂಗಳ ಬೆಳಗ್ಗೆ ಅದರ ಬೆಲೆ ತಿಳಿಯುತ್ತದೆ. ಚರ್ಮ ಕೆರಳಿದ ದಿನ ಪಟಿಕದ ಕಲ್ಲು ಸವರಿ, ತಣ್ಣೀರಲ್ಲಿ ತೊಳೆದು ಸುಮ್ಮನಿದ್ದುಬಿಡುತ್ತೇನೆ.

ನಿಂಬೆಯ ಪರಿಮಳ ಎಲ್ಲರಿಗೂ ಇಷ್ಟ, ನನಗೂ. ಆದರೆ ನಿಂಬೆ ಜಾತಿಯ ಎಣ್ಣೆಗಳು ಬೇಗ ಹಾರಿಹೋಗುತ್ತವೆ. ಸೋಪಿನಲ್ಲಿಟ್ಟರೂ ತಿಂಗಳುಗಳಲ್ಲಿ ಮಂಕಾಗುತ್ತವೆ. ಅವುಗಳನ್ನು ಹಿಡಿದಿಡಲು ಕೆಳಗೆ ಏನಾದರೂ ಬೇಕು. ಇಲ್ಲೇ ನನ್ನ ಆಯ್ಕೆ ಬರುವುದು: ಲಾವಂಚ. ಅದು ಬೇರು, ಅದರ ಎಣ್ಣೆ ಮಂದ, ನಿಧಾನ. ಒಣ ಕಟ್ಟಿಗೆ, ಹಸಿ ಮಣ್ಣು, ಸ್ವಲ್ಪ ಹೊಗೆ, ಜೊತೆಗೆ ಒಂದು ತಂಪು. ನೀರಿನ ಮಡಕೆಗೆ ಹಾಕುವ ಬೇರು ಅದು. ಇಲ್ಲಿಯ ಮರಾಠಿಗರು ವಾಳಾ ಅಂತ ಮಾಠಕ್ಕೆ, ಅಂದರೆ ಮಡಕೆಗೆ, ಹಾಕುವುದೂ ಅದನ್ನೇ. ನಿಂಬೆ ಮತ್ತು ಲಾವಂಚ ಸೇರಿದ ಸೋಪಿನಲ್ಲಿ ಮೊದಲು ನಿಂಬೆ ಚುರುಕಾಗಿ ಬಂದು ಹೋಗುತ್ತದೆ, ಆಮೇಲೆ ಲಾವಂಚ ಉಳಿಯುತ್ತದೆ. ಬೆವರಿನ ಜೊತೆ ಜಗಳವಾಡದ ಪರಿಮಳ ನಾನು ಕಂಡದ್ದು ಇದೊಂದೇ. ಮುಂಬಯಿಗೆ ಒಂದೇ ಆರಿಸಿ ಅಂದರೆ ನಾನು ಗಂಧವನ್ನೂ ಬಿಟ್ಟು ಇದನ್ನೇ ಆರಿಸುತ್ತೇನೆ. ಕನ್ನಡಿಗನಾಗಿ ಇದನ್ನು ಹೇಳುವುದು ಸುಲಭವಲ್ಲ.

ಲಾವಂಚದ ಎಣ್ಣೆಯನ್ನು ಇವತ್ತು ಜಗತ್ತಿಗೆ ಅತಿ ಹೆಚ್ಚು ಕೊಡುವುದು ಹೈಟಿ. ಅಲ್ಲಿಯ ಎಣ್ಣೆ ಚೊಕ್ಕಟ, ಹಗುರ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನಲ್ಲಿ ತೆಗೆಯುವ ಲಾವಂಚದೆಣ್ಣೆ, ರೂಹ್ ಖಸ್, ಗಾಢ ಹಸಿರು, ಇನ್ನೂ ಕಾಡಿನ ಹಾಗೆ. ಮೊಹಮ್ಮದ್ ಅಲಿ ರೋಡಿನ ಅತ್ತರ್ ಅಂಗಡಿಗಳಲ್ಲಿ ಕೇಳಿ ನೋಡಿ. ಅಲ್ಲೇ ಮಿಟ್ಟಿ ಅತ್ತರನ್ನೂ ಮೂಸಿ. ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ, ಹಳೆಯ ಕ್ರಮದಲ್ಲಿ ಗಂಧದೆಣ್ಣೆಯಲ್ಲೇ ಹಿಡಿದದ್ದು. ನಮ್ಮ ನೆಲದಲ್ಲಿ ಇಷ್ಟೆಲ್ಲ ಇರುವಾಗ ಇಲ್ಲಿಯ ಹೊಸ ಸೋಪು ತಯಾರಕರು ಯಾಕೆ ಮತ್ತೆ ಮತ್ತೆ ಲಂಡನ್ ಸಲೂನಿನ ನಕಲು ಮಾಡುತ್ತಾರೆ? ಲಾವಂಚ, ದವನ, ಪಚ್ಚಕರ್ಪೂರ, ಕಂಚಿಕಾಯಿ ಸಿಪ್ಪೆ, ಕಲ್ಲುಹೂವು ಹಾಕಿ ಒಳ್ಳೆಯ ಶೇವಿಂಗ್ ಸೋಪು ಯಾರಾದರೂ ಮಾಡುತ್ತಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಚೂರು ಬೇಡ, ಇಡೀ ಡಬ್ಬಿಯನ್ನೇ ಕೊಳ್ಳುತ್ತೇನೆ.