ಹೆಸರಿನ ಬಾಲ

ನನ್ನ ಹೆಸರಿಗೆ ಬಾಲ ಬಂದದ್ದು ಹದಿನೆಂಟು ತುಂಬಿದ ಮೇಲೆ. ಅಲ್ಲಿಯ ತನಕ ನಾನು ಬರಿಯ ಚಂದ್ರಹಾಸ. ಯಕ್ಷಗಾನದ ಹುಚ್ಚಿದ್ದ ಅಜ್ಜ ಇಟ್ಟ ಹೆಸರು. ತರಗತಿಯಲ್ಲಿ ಹಾಜರಿ ಕರೆಯುವಾಗ ಅದ್ವಿತ್, ಆರ್ಯನ್‌ಗಳ ನಡುವೆ ಈ ಹೆಸರು ಬಂದರೆ, ಯಾರೋ ಅರುವತ್ತರ ಪ್ರಾಯದವರು ಮುಂಡಾಸು ಬಿಚ್ಚಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ ಅನ್ನಿಸುತ್ತದೆ. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ಆಗ ಅಂಚೆಯಲ್ಲಿ ಮತದಾರರ ಗುರುತಿನ ಚೀಟಿ ಬಂತು. ಇಂಗ್ಲಿಷಿನ ಸಾಲಿನಲ್ಲಿ ನಾನು ನಾನೇ ಆಗಿದ್ದೆ. ಮಲಯಾಳದ ಸಾಲಿನಲ್ಲಿ 'ಚಂದ್ರಹಾಸನ್' ಎಂದಿತ್ತು.

ಮಲಯಾಳದಲ್ಲಿ ಈ ಕೊನೆಯ 'ನ್' ಎಂಬುದಕ್ಕೆ ಪ್ರತ್ಯೇಕ ಅಕ್ಷರವೇ ಇದೆ. ಚಿಲ್ಲು ಎನ್ನುತ್ತಾರೆ. ನೋಡಲು ಬಾಲ ಮೇಲಕ್ಕೆತ್ತಿ ನಿಂತ ನಾಯಿಮರಿಯ ಹಾಗಿರುತ್ತದೆ. ನನ್ನ ಹೆಸರಿನ ಹಿಂದೆ ಅದು ಸಂತೋಷದಿಂದಲೇ ನಿಂತಿತ್ತು. ವಿಳಾಸದಲ್ಲಿ ಇನ್ನೊಂದು ಚಂದ. ನಮ್ಮ ಮನೆಗೆ ಬಾಕಿಮಾರುಮನೆ ಎಂದು ಹೆಸರು. ಕೇರಳದಲ್ಲಿ ಮನೆಹೆಸರಿನ ಮುಂದೆ 'ಹೌಸ್' ಎಂದು ಸೇರಿಸುವುದು ರೂಢಿಯಾದ್ದರಿಂದ ನಾವು 'ಬಾಕಿಮಾರುಮನೆ ಹೌಸ್' ಎಂಬಲ್ಲಿ ವಾಸಿಸುವವರು. ಒಂದು ಮನೆಯ ತೆರಿಗೆಯಲ್ಲಿ ಎರಡು ಮನೆ.

ಅಜ್ಜನಿಗೆ ಚೀಟಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಚಂದ್ರಹಾಸನಿಗೆ ಅಕ್ಷರದ ಗಂಡಾಂತರ ಹೊಸತಲ್ಲ" ಎಂದರು. ಪ್ರಸಂಗ ಗೊತ್ತಿದ್ದವರಿಗೆ ಅವರ ಮಾತು ಗೊತ್ತಾಗುತ್ತದೆ. ದುಷ್ಟಬುದ್ಧಿ ಮಂತ್ರಿ ಮಗನಿಗೆ ಬರೆದ ಓಲೆಯಲ್ಲಿ ಈತನಿಗೆ ವಿಷವನ್ನು ಕೊಡು ಎಂದಿರುತ್ತದೆ. ಉದ್ಯಾನದಲ್ಲಿ ಮಲಗಿದ್ದವನ ಬಳಿ ಆ ಓಲೆ ಕಂಡ ಮಂತ್ರಿಯ ಮಗಳು ಕಣ್ಣಿನ ಕಾಡಿಗೆಯನ್ನು ಉಗುರಿಗೆ ತೆಗೆದು ಅಕ್ಷರ ತಿದ್ದಿ, ವಿಷಯೆಯನ್ನು ಕೊಡು ಎಂದು ಮಾಡುತ್ತಾಳೆ. ವಿಷಯೆ ಎಂದರೆ ಅವಳೇ. ಸಾಯಬೇಕಾದವನಿಗೆ ಮದುವೆ. "ನಿನಗೂ ಒಂದಕ್ಷರ ಸೇರಿದೆಯಲ್ಲ, ಏನಾಗುತ್ತದೆ ನೋಡೋಣ" ಎಂದು ಅಜ್ಜ ಚೀಟಿ ಹಿಂದಿರುಗಿಸಿದರು.

ನನಗೆ ಸಿಟ್ಟು ಬಂದದ್ದು ನಿಜ. ಗಡಿನಾಡಿನ ಹುಡುಗನಿಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಡ, ಹಿರಿಯರು ಕಟ್ಟಿಟ್ಟ ಬುತ್ತಿಯಲ್ಲಿ ಅದೂ ಇರುತ್ತದೆ. 1956ರ ನವೆಂಬರ್ 1ರಂದು ಅಜ್ಜನಿಗೆ ಹದಿನಾಲ್ಕು. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಅಂದು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ಅಜ್ಜನ ಪ್ರಾಯದವರಿಗೆ ಆ ವರದಿ ಎಂದರೆ ಜಾತಕ ಕೂಡಿಬಂದು ದಿಬ್ಬಣ ಹೊರಡದ ಮದುವೆ. ಇಂದಿಗೂ ಚಾಯದ ಅಂಗಡಿಯಲ್ಲಿ ಯಾರಾದರೂ ಮಹಾಜನ ಎಂದರೆ ಸಾಕು, ಎರಡನೆಯ ಚಾಯಕ್ಕೆ ಹೇಳಬೇಕಾಗುತ್ತದೆ.

ಆ ಸಿಟ್ಟನ್ನು ಕಾಲೇಜಿಗೂ ಒಯ್ದೆ. ನಮ್ಮ ಕನ್ನಡ ಅಧ್ಯಾಪಕರು ಕೇಳಿ ನಕ್ಕರು. ಹಳಗನ್ನಡದಲ್ಲಿ ಅರಸನ್, ಮಗನ್ ಎಂದೇ ಇತ್ತಲ್ಲ, ನಾವು ಬಾಲ ಉದುರಿಸಿಕೊಂಡು ಬಂದೆವು, ಅವರು ಇಟ್ಟುಕೊಂಡರು, ನಿನ್ನನ್ನು ಸಾವಿರ ವರ್ಷ ಹಿಂದಕ್ಕೆ ಕಳಿಸಿದ್ದಾರೆ ಅಷ್ಟೆ ಎಂದರು. ಈ ಮಾತಿನಿಂದ ನನ್ನ ಸಿಟ್ಟಿಗೆ ಬಹಳ ನಷ್ಟವಾಯಿತು. ಯಾರನ್ನು ಬೈಯಬೇಕೋ ಅವರು ನಮ್ಮ ಹಳೆಯ ಒಡವೆ ಹಾಕಿಕೊಂಡು ಎದುರು ನಿಂತರೆ ಏನು ಮಾಡುವುದು?

ಕೇರಳದ ಚುನಾವಣೆಯಲ್ಲಿ 'ಅಪರನ್' ಎಂಬ ಒಂದು ಮಾತಿದೆ. ಗೆಲ್ಲುವ ಕುದುರೆಯ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬರನ್ನು ಹುಡುಕಿ ತಂದು ನಾಮಪತ್ರ ಹಾಕಿಸುವುದು, ಅವಸರದಲ್ಲಿ ಬೆರಳು ಜಾರಿದ ಮತಗಳು ಅವರಿಗೆ ಬೀಳುವುದು. ಹಾಗೆ ನಿಲ್ಲುವವರೇ ಅಪರರು. ನಮ್ಮ ಮಂಜೇಶ್ವರದಲ್ಲಿ ಇದು ಬರಿಯ ತಮಾಷೆಯಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆದ್ದವರಿಗೂ ಎರಡನೆಯವರಿಗೂ ನಡುವೆ ಇದ್ದದ್ದು 89 ಮತ. ಎರಡನೆಯವರ ಹೆಸರಿಗೆ ಹತ್ತಿರದ ಹೆಸರಿದ್ದ ಮತ್ತೊಬ್ಬ ಅಭ್ಯರ್ಥಿಗೆ 467 ಮತ ಬಿದ್ದಿತ್ತು. ಸಂಗತಿ ನ್ಯಾಯಾಲಯಕ್ಕೆ ಹೋಯಿತು. ಸತ್ತವರ, ಗಲ್ಫಿನಲ್ಲಿರುವವರ ಹೆಸರಿನಲ್ಲಿ ಮತ ಬಿದ್ದಿದೆ ಎಂಬ ತಕರಾರು. ಸತ್ತವರ ಪಟ್ಟಿಯಲ್ಲಿದ್ದ ಒಬ್ಬರು ಸಮನ್ಸನ್ನು ತಾವೇ ಕೈಯೊಡ್ಡಿ ತೆಗೆದುಕೊಂಡರು ಎಂದು ಪತ್ರಿಕೆಗಳಲ್ಲಿ ಬಂದು ಊರೆಲ್ಲ ನಕ್ಕಿತ್ತು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. 89 ಎಂಬುದು ನಮ್ಮ ಬಸ್ಸಿನಲ್ಲಿ ಬೆಳಗ್ಗೆ ಶಾಲೆಗೆ ಹೋಗುವವರ ಲೆಕ್ಕ ಎಂದು ಅಂದುಕೊಂಡದ್ದು ನೆನಪಿದೆ. 2021ರಲ್ಲಿ ಅಂತರ 745ಕ್ಕೆ ಏರಿತು. ಮಧ್ಯಾಹ್ನದ ಬಸ್ಸುಗಳನ್ನೂ ಸೇರಿಸಿದರೆ ಸರಿಹೋದೀತು.

ಅಭ್ಯರ್ಥಿಗಳಿಗೆ ಅಪರರು ಇರುವುದು ಸರಿ. ಮತದಾರನಾದ ನನಗೂ ಒಬ್ಬ ಅಪರ ಇದ್ದಾನೆ ಎಂದು ತಿಳಿದದ್ದು ಚೀಟಿ ಬಂದ ಮೇಲೆ. ಅವನ ವಿಚಾರ ಯೋಚಿಸತೊಡಗಿದೆ. ಈ ಚಂದ್ರಹಾಸನ್ ಮನೆಯಲ್ಲಿ ತುಳು ಮಾತನಾಡುತ್ತಾನೆಯೇ? ಅವನಿಗೆ ಪತ್ರೊಡೆ ಇಷ್ಟವೇ? ತಿರುವನಂತಪುರದ ಸುದ್ದಿ ಕೇಳಿದರೆ ಅವನಿಗೆ ನಮ್ಮೂರಿನ ಸುದ್ದಿ ಅನ್ನಿಸುತ್ತದೆಯೇ? ನನಗೆ ಅನ್ನಿಸುವುದಿಲ್ಲ. ಅದು 550 ಕಿಲೋಮೀಟರಿಗೂ ಆಚೆ, ಒಂದು ರಾತ್ರಿಯ ರೈಲು. ಮಂಗಳೂರು ಬಸ್ಸಿನಲ್ಲಿ ನಿದ್ದೆ ಹತ್ತುವಷ್ಟರಲ್ಲಿ ಬರುತ್ತದೆ. ಜ್ವರ ಜೋರಾದರೆ ಅಲ್ಲಿಗೆ, ಮದುವೆಯ ಸೀರೆಗೆ ಅಲ್ಲಿಗೆ. 2020ರ ಮಾರ್ಚ್‌ನಲ್ಲಿ ಕೊರೊನಾದ ಹೆದರಿಕೆಗೆ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗಲೇ ನಮ್ಮೂರಿನವರಿಗೆ ರಾಜ್ಯ ಎಂಬುದು ಕೈಗೆ ಮುಟ್ಟುವ ವಸ್ತು ಎಂದು ತಿಳಿದದ್ದು. ಆ ಮಣ್ಣಿನ ಈಚೆ ಬದಿಯಲ್ಲಿ ಆಸ್ಪತ್ರೆಗೆ ಹೊರಟವರು ನಿಂತಿದ್ದರು. ಅದನ್ನು ಹಗುರವಾಗಿ ಬರೆಯಲು ನನಗೆ ಬರುವುದಿಲ್ಲ.

ಮಂಗಳೂರಿಗೆ ಹೋದರೆ ಅಲ್ಲಿಯವರು ಮೆಚ್ಚುಗೆಯಿಂದ, "ನೀವು ಕೇರಳದವರಾದರೂ ಕನ್ನಡ ಚೆನ್ನಾಗಿ ಮಾತನಾಡುತ್ತೀರಿ" ಎನ್ನುತ್ತಾರೆ. ಗೋವಿಂದ ಪೈಗಳ ಊರು ಮಂಜೇಶ್ವರ ಎಂದು ಹೇಳಬೇಕೆನ್ನಿಸುತ್ತದೆ, ಹೇಳುವುದಿಲ್ಲ. ಕಣ್ಣೂರಿಗೆ ಹೋದರೆ ನಾನು 'ಕನ್ನಡಕ್ಕಾರನ್'. ನೋಡಿ, ಅಲ್ಲಿಯೂ ಬಾಲ. ನಮ್ಮದು ಸಪ್ತಭಾಷಾ ಸಂಗಮ ಭೂಮಿ ಎಂದು ಸಭೆಗಳಲ್ಲಿ ಸ್ವಾಗತ ಭಾಷಣದವರು ಹೇಳುವುದುಂಟು. ಸಂಗಮದಲ್ಲಿ ಈಜುವವರ ಕಷ್ಟ ದಡದಲ್ಲಿ ಮೈಕು ಹಿಡಿದವರಿಗೆ ಕಾಣಿಸುವುದಿಲ್ಲ. ಜನಗಣತಿಯವರು ಬಂದು ಮಾತೃಭಾಷೆ ಯಾವುದು ಎಂದರೆ ನಮ್ಮ ಮನೆಯಲ್ಲಿ ಮೂವರು ಮೂರು ಕಡೆ ನೋಡುತ್ತೇವೆ. ಅಮ್ಮ ಗದರುವುದು ತುಳುವಿನಲ್ಲಿ, ನಾನು ಪರೀಕ್ಷೆ ಬರೆದದ್ದು ಕನ್ನಡದಲ್ಲಿ, ಅಪ್ಪ ರೇಷನ್ ಅಂಗಡಿಯಲ್ಲಿ ಜಗಳವಾಡುವುದು ಮಲಯಾಳದಲ್ಲಿ. ಮೀನು ತರುವ ಬ್ಯಾರಿಯವರ ಹತ್ತಿರ ಅಜ್ಜಿ ಚೌಕಾಸಿ ಮಾಡುವ ಭಾಷೆ ಯಾವುದೆಂದು ಇಬ್ಬರಿಗೂ ಗೊತ್ತಿಲ್ಲ.

ಮತ ಕೇಳಲು ಬರುವವರಿಗೆ ಮಾತ್ರ ಇದೆಲ್ಲ ಚೆನ್ನಾಗಿ ಗೊತ್ತು. ಪ್ರಚಾರದ ಜೀಪು ನಮ್ಮ ತಿರುವಿಗೆ ಬಂದೊಡನೆ ಮಲಯಾಳ ನಿಂತು ಕನ್ನಡ ಶುರುವಾಗುತ್ತದೆ. ಮಸೀದಿಯ ಇಳಿಜಾರಿನಲ್ಲಿ ಮತ್ತೆ ಬದಲು. ಅಂಗಳಕ್ಕೆ ಬಂದವರು ಅಜ್ಜನ ಹತ್ತಿರ ತಾಳಮದ್ದಳೆಯ ಮಾತಾಡಿ, ಅಮ್ಮನ ಹತ್ತಿರ ಅಡಕೆಯ ಧಾರಣೆ ಕೇಳಿ, ನನ್ನ ಬೆನ್ನು ತಟ್ಟುತ್ತಾರೆ. ಈ ಮನೆಯ ಮತ ಯಾರಿಗೆ ಎಂದು ನಾವು ಹೇಳುವ ಮೊದಲೇ ಅವರ ಪುಸ್ತಕದಲ್ಲಿ ಬರೆದಾಗಿರುತ್ತದೆ. ಇಂಥ ಭಾಷೆ, ಇಂಥ ಜಾತಿ, ಹಾಗಾದರೆ ಇಂಥ ಪಕ್ಷ. ಹತ್ತರಲ್ಲಿ ಏಳು ಸಲ ಅವರ ಲೆಕ್ಕ ಸರಿಯಾಗಿಯೇ ಇರುತ್ತದೆ ಎಂಬುದೇ ನನಗೆ ಅವಮಾನ. ನಾನು ಏನು ಯೋಚಿಸುತ್ತೇನೆ ಎಂದು ನನಗಿಂತ ಮೊದಲು ಜೀಪಿನವರಿಗೆ ತಿಳಿಯಬಾರದಲ್ಲ! ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಹೆಲಿಕಾಪ್ಟರ್ ಕೆಳಗಿನ ಮನೆಯವರ ಭಾಷೆ ಕೇಳಿರಲಿಲ್ಲ. ಅದರ ಕತೆ ಕೇಳುತ್ತಾ ಬೆಳೆದವನಿಗೆ ಜೀಪಿನ ಭಾಷಾಪ್ರೇಮ ಸ್ವಲ್ಪ ಅತಿ ಅನ್ನಿಸುತ್ತದೆ. ಹಾಗೆಂದು ಕನ್ನಡ ಬಾರದ ಗಣಿತದ ಮೇಷ್ಟ್ರಿಂದ ಒಂದು ವರ್ಷ ಕನ್ನಡ ಮಾಧ್ಯಮದಲ್ಲಿ ಕಲಿತವನು ನಾನು. ಅವರಿಗೆ ನಾವು ಕನ್ನಡ ಕಲಿಸಿದೆವು, ಅವರು ಪಾಪ ಚೆನ್ನಾಗಿ ಕಲಿತರು. ಗಣಿತ ಯಾರೂ ಕಲಿಯಲಿಲ್ಲ. ಭಾಷೆಯ ಹೆಸರಿನಲ್ಲಿ ಮತ ಹಾಕಬಾರದು ಎಂದು ಪೇಟೆಯ ಗೆಳೆಯರು ಹೇಳುವಾಗ ಆ ಅಂಕಪಟ್ಟಿ ನೆನಪಾಗುತ್ತದೆ.

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭೆಗೆ ಮತದಾನ. ನಾನು ಓದಿದ ಶಾಲೆಯೇ ಮತಗಟ್ಟೆ. ನನ್ನ ಮೊದಲ ಮತ, ಅಜ್ಜನ ಎಷ್ಟನೆಯದೋ. ಹೋಗುವ ದಾರಿಯಲ್ಲಿ ಅಜ್ಜ ಒಂದು ವಿಚಿತ್ರ ಹೇಳಿದರು. 1957ರಲ್ಲಿ ಕೇರಳದ ಮೊತ್ತಮೊದಲ ವಿಧಾನಸಭಾ ಚುನಾವಣೆಗೆ ಇಡೀ ರಾಜ್ಯ ಸಾಲು ನಿಂತಾಗ ಮಂಜೇಶ್ವರದವರಿಗೆ ಆ ಮತವೇ ಇರಲಿಲ್ಲವಂತೆ. ಉಮೇಶ ರಾಯರು ಪಕ್ಷೇತರರಾಗಿ ನಿಂತು ಅವಿರೋಧವಾಗಿ ಆಯ್ಕೆಯಾಗಿದ್ದರು. ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಈಗ ನಮ್ಮದು 1ನೆಯ ನಂಬರು. 140ರ ತನಕ ಎಣಿಕೆ ಶುರುವಾಗುವುದೇ ನಮ್ಮಿಂದ. ಅಂಥವರಿಗೆ ಒಂದು ಕಾಲದಲ್ಲಿ ಅಂಥ ಒಮ್ಮತ ಇತ್ತು, 2016ರ ಹೊತ್ತಿಗೆ 89 ಮತದ ಅಂತರ. ಅಜ್ಜನ ಅಪ್ಪ ಮಾತ್ರ ಆ ಅವಿರೋಧದಿಂದ ಸಿಟ್ಟಾಗಿದ್ದರಂತೆ. ಹೊಸ ಸರಕಾರವನ್ನು ಅವರು ಒಪ್ಪಿರಲಿಲ್ಲ, ಆದರೆ ಅದನ್ನು ಹೇಳಲು ಒಂದು ಮತವಾದರೂ ಬೇಕಿತ್ತು.

ಸಾಲು ಮುಂದೆ ಸರಿಯಿತು. ನಮ್ಮಲ್ಲಿ ಮತದಾರರ ಪಟ್ಟಿ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಆದರೆ ಆ ಮೇಜಿನ ಮೇಲಿದ್ದದ್ದು ಮಲಯಾಳದ ಪ್ರತಿ. ತೆಂಕು ಕಡೆಯಿಂದ ಕರ್ತವ್ಯಕ್ಕೆ ಬಂದಿದ್ದ ಟೀಚರ್ ಏಜೆಂಟರಿಗೆಲ್ಲ ಕೇಳಿಸುವಂತೆ ಕ್ರಮಸಂಖ್ಯೆ ಹೇಳಿ, "ಚಂದ್ರಹಾಸನ್!" ಎಂದು ಓದಿದರು. ನಾನು ಅರೆಗಳಿಗೆ ಹಿಂದೆ ತಿರುಗಿ ನೋಡಿದೆ. ನಿಜವಾಗಿಯೂ ಅವನು ಬಂದಿದ್ದರೆ? ಬೆಂಚಿನ ಮೇಲೆ ಕುಳಿತಿದ್ದ ಮೂರು ಪಕ್ಷಗಳ ಏಜೆಂಟರು, ಒಬ್ಬರ ಮುಖ ಒಬ್ಬರು ನೋಡದವರು, ತಲೆಯೆತ್ತಿ ನನ್ನನ್ನು ನೋಡಿ ಒಟ್ಟಿಗೆ ತಲೆಯಾಡಿಸಿದರು. ಒಬ್ಬರು ತುಳುವಿನಲ್ಲಿ, ಬಾಕಿಮಾರಿನ ಚಂದ್ರು, ನಮ್ಮ ಹುಡುಗ ಎಂದರು. ಇನ್ನೊಬ್ಬರು ಅದನ್ನೇ ಮಲಯಾಳದಲ್ಲಿ ಟೀಚರಿಗೆ ಹೇಳಿದರು. ಟೀಚರ್, "ವಾ ಮೋನೇ" ಎಂದು ಕೈ ತೋರಿಸಿದರು. ನಾನು ಯಾರು ಎಂದು ಇಷ್ಟು ಬೇಗ ಯಾವ ಕಚೇರಿಯಲ್ಲಿಯೂ ಇತ್ಯರ್ಥವಾದದ್ದಿಲ್ಲ.

ಪಕ್ಕದ ಮೇಜಿನವರು ಎಡಗೈಯ ತೋರುಬೆರಳು ಹಿಡಿದು, ಉಗುರಿನ ಮೇಲಿಂದ ಗೆಣ್ಣಿನ ಕಡೆಗೆ ಒಂದು ಗೆರೆ ಎಳೆದರು. ಅಜ್ಜನಿಗೆ ಈ ಮಸಿಯ ಮೇಲೆ ವಿಶೇಷ ಮಮತೆ. ಅದು ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಈ ಮಸಿ ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದಂತೆಲ್ಲ ಕಪ್ಪಾಗುತ್ತದೆ, ಉಗುರು ಬೆಳೆದೇ ಹೋಗಬೇಕು. "ನೋಡು, ಮಹಾಜನ ವರದಿ ಜಾರಿಗೆ ಬಾರದಿದ್ದರೂ ಐದು ವರ್ಷಕ್ಕೊಮ್ಮೆ ಮೈಸೂರು ನಮ್ಮ ಬೆರಳಿಗಾದರೂ ಬರುತ್ತದೆ" ಎಂದು ಅಜ್ಜ ಹೊರಬಂದು ಹೇಳಿದರು. ಯಂತ್ರದ ಮುಂದೆ ಏನಾಯಿತು ಎಂದು ನಾನು ಬರೆಯುವುದಿಲ್ಲ. ಚಿಹ್ನೆಗಳ ಪಕ್ಕದಲ್ಲಿ ಹೆಸರುಗಳು ಕನ್ನಡದಲ್ಲಿಯೂ ಇದ್ದವು ಎಂದಷ್ಟೇ ಹೇಳಿದರೆ ಸಾಕು. ಜೀಪಿನವರು ಇದನ್ನೂ ಓದಬಹುದು.

ಅದೇ ದಿನ ದಕ್ಷಿಣ ಕನ್ನಡದಲ್ಲಿಯೂ ಮತದಾನ. ವಿಟ್ಲದಲ್ಲಿರುವ ಸೋದರತ್ತೆಯ ಮಗಳು ಮಧ್ಯಾಹ್ನ ಮೊಬೈಲಿಗೆ ತನ್ನ ಬೆರಳಿನ ಚಿತ್ರ ಕಳಿಸಿದಳು. ನಾನೂ ಕಳಿಸಿದೆ. ಎರಡನ್ನೂ ಅಮ್ಮನ ಮುಂದೆ ಹಿಡಿದು ಯಾವುದು ಕೇರಳದ ಬೆರಳು ಎಂದು ಕೇಳಿದೆ. ಅಮ್ಮ ನೋಡಿ, ಉಗುರು ಕತ್ತರಿಸದೆ ಇರುವುದು ನಿನ್ನದು ಎಂದರು.

ಉಗುರಿನ ಮಸಿ ಮೇಲೇರಿ ಮಾಯವಾಗುವಷ್ಟರಲ್ಲಿ ಬಾಲದ ಸಂಗತಿ ಇತ್ಯರ್ಥ ಮಾಡಬೇಕೆಂದು ತೀರ್ಮಾನಿಸಿದೆ. ಟೀಚರ್ ಅಷ್ಟು ಅಕ್ಕರೆಯಿಂದ ಕರೆದದ್ದನ್ನು ತೆಗೆದುಹಾಕಲು ಮನಸ್ಸಿಗೆ ಸ್ವಲ್ಪ ಕಸಿವಿಸಿಯೂ ಆಯಿತು. ಆದರೂ ಪೇಟೆಗೆ ಹೋಗಿ, ತಿದ್ದುಪಡಿಗೆಂದೇ ಇರುವ 8ನೆಯ ನಮೂನೆಯ ಅರ್ಜಿ ತುಂಬಿಸಿದೆ. ಹೆಸರಿನ ಕೊನೆಯ ಅಕ್ಷರ ಬೇಡ ಎಂದು ಕಂಪ್ಯೂಟರಿನ ಹುಡುಗನಿಗೆ ಎರಡು ಭಾಷೆಯಲ್ಲಿ ವಿವರಿಸಿದೆ. ಅವನು ಶ್ರದ್ಧೆಯಿಂದ ಒತ್ತಿದ.

ಕೆಲವು ವಾರಗಳ ಮೇಲೆ ಹೊಸ ಚೀಟಿ ಬಂತು. ನನ್ನ ಹೆಸರು ಬಾಲವಿಲ್ಲದೆ, ಹೊಸದಾಗಿ ಕ್ಷೌರ ಮಾಡಿಸಿಕೊಂಡವನಂತೆ ಅಚ್ಚುಕಟ್ಟಾಗಿತ್ತು. ಕೆಳಗೆ ತಂದೆಯ ಹೆಸರು: ಬಾಲಕೃಷ್ಣನ್. ಮೊದಲಿನ ಚೀಟಿಯಲ್ಲಿ ಅದು ಬಾಲಕೃಷ್ಣ ಎಂದೇ ಇತ್ತು. ಈಗ ದಾಖಲೆಯ ಪ್ರಕಾರ ನಾನು ನಾನೇ, ಆದರೆ ಬೇರೆ ಯಾರದೋ ಮಗ. ಅಪ್ಪ ಚೀಟಿಯನ್ನು ಅತ್ತಿತ್ತ ತಿರುಗಿಸಿ ನೋಡಿ ಏನೂ ಹೇಳದೆ ತೋಟಕ್ಕೆ ಹೋದರು. ಅಜ್ಜ ನಕ್ಕು ನಕ್ಕು ಕೆಮ್ಮತೊಡಗಿದರು. ಒಳಗೆ ಅಕ್ಕಿ ಅಳೆಯುತ್ತಿದ್ದ ಅಜ್ಜಿಗೆ ಸಂಗತಿ ಅರ್ಧ ಮಾತ್ರ ಕೇಳಿಸಿತು.

"ಆ ಬಾಲಕೃಷ್ಣನ್ ಯಾರು? ಊಟಕ್ಕೆ ಇರುತ್ತಾರೆಯೇ?" ಎಂದು ಕೇಳಿದರು.